ರೆಪ್ಪೆ ಬೆಳೆಸಿದ ಹನಿ

ಹಲಸೂರಿನ ಆ ವಠಾರದಲ್ಲಿ ಒಬ್ಬರ ಮನೆಯ ಕರಿಬೇವು ಆರೂ ಮನೆಗಳ ಒಗ್ಗರಣೆಗೆ ಬೀಳುತ್ತಿತ್ತು. ಹೂ ಮಾರುವ ವೆಂಕಟಮ್ಮನಂತೂ ಕೇಳಿದವರಿಗೆ ಇಲ್ಲವೆಂದವಳೇ ಅಲ್ಲ. ಮೊಳ ಅಳೆಯುವಾಗಲೂ ಅವಳ ಕೈ ಧಾರಾಳವಾಗಿ ಒಂದು ಗೇಣು ಮುಂದೆ ಹೋಗುತ್ತಿತ್ತು.

ಹಾಗಾಗಿ ಅವಳ ಗ್ಲಾಕೋಮಾಕ್ಕೆಂದು ಡಾಕ್ಟರು ಕೊಟ್ಟ ಕಣ್ಣಿನ ಹನಿಯೂ ವಠಾರದ ಆಸ್ತಿಯಾಯಿತು. ಪಕ್ಕದ ಮನೆ ಶೇಷಮ್ಮನ ಕಣ್ಣು ಉರಿದರೆ ಎರಡು ಹನಿ. ಎದುರುಮನೆ ದಿವ್ಯಳಿಗೆ ಬೇರೆಯೇ ಆಸೆ. ಆ ಹನಿಯಿಂದ ವೆಂಕಟಮ್ಮನ ರೆಪ್ಪೆಗೂದಲು ಅರವತ್ತರ ವಯಸ್ಸಿನಲ್ಲಿ ಉದ್ದಕ್ಕೆ, ಕಪ್ಪಗೆ ಬೆಳೆದಿತ್ತು.

"ಅಜ್ಜಿ, ಮುಂದಿನ ತಿಂಗಳು ನನ್ ಮದುವೆ. ನಂಗೂ ದಿನಾ ಒಂದೊಂದು ಹನಿ ಹಾಕಿ."

"ಅದಕ್ಕೇನಮ್ಮ, ಬಾ."

ತಿಂಗಳು ಬರಬೇಕಾದ ಬಾಟಲಿ ಹದಿನೈದೇ ದಿನಕ್ಕೆ ಖಾಲಿಯಾಯಿತು. ಉಳಿದ ದಿನ ವೆಂಕಟಮ್ಮ ಹನಿಯಿಲ್ಲದೆ ಕಳೆದಳು. ನೋವಿಲ್ಲ, ಉರಿಯಿಲ್ಲ, ಹೂ ಕಟ್ಟುವ ದಾರವೂ ಚೆನ್ನಾಗಿಯೇ ಕಾಣುತ್ತಿತ್ತು. ಎಡಗಡೆ ಇಟ್ಟ ಕಾಕಡ ಹೂವಿನ ಬುಟ್ಟಿಯನ್ನು ಮಾತ್ರ ಎರಡು ಸಲ ಎಡವಿ ಚೆಲ್ಲಿದಳು. ದಾರೀಲಿ ಬುಟ್ಟಿ ಇಟ್ಟವರು ಯಾರೆಂದು ವಠಾರವನ್ನೆಲ್ಲ ಬೈದಳು. ಇಟ್ಟವಳು ಅವಳೇ.

ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೊರಟಾಗ ದಿವ್ಯಳೇ ಜೊತೆಯಾದಳು. ಡಾಕ್ಟರು ಪರೀಕ್ಷೆ ಮಾಡಿ ಹುಬ್ಬು ಗಂಟಿಕ್ಕಿದರು. "ಕಣ್ಣಿನ ಪ್ರೆಶರ್ ಜಾಸ್ತಿಯಾಗಿದೆ. ಹನಿ ಬಿಟ್ಬಿಟ್ರಾ?"

"ಬಿಟ್ಟಿಲ್ಲ ಡಾಕ್ಟ್ರೇ. ಹಂಚಿದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಈ ಕಾಯಿಲೆ ಮೊದಲು ಪಕ್ಕದ ನೋಟ ತಿನ್ನುತ್ತಮ್ಮ, ನೋವೇ ಇಲ್ದೆ. ಹೋಗಿರೋದು ವಾಪಸ್ ಬರಲ್ಲ. ದಿನಾ ಹಾಕಿದ್ರೆ ಇರೋದು ಉಳಿಯುತ್ತೆ. ಬೇರೆಯವರ ಕಣ್ಣಿಗಂತೂ ಹಾಕ್ಲೇಬೇಡಿ, ತೊಂದರೆಯಾಗುತ್ತೆ."

ಬುಟ್ಟಿ ನೆನಪಾಗಿ ವೆಂಕಟಮ್ಮನಿಗೆ ನಿಜಕ್ಕೂ ಭಯವಾಯಿತು. ದಿವ್ಯ ತಲೆ ತಗ್ಗಿಸಿದಳು.

ಸಂಜೆ ಶೇಷಮ್ಮ ಕಣ್ಣುಜ್ಜುತ್ತ ಬಂದಳು. "ಯವ್ವಾ, ಒಂದ್ ಹನಿ ಹಾಕ್ರಿ."

ವೆಂಕಟಮ್ಮನ ಕೈ ಅಭ್ಯಾಸದಂತೆ ಹೊಸ ಬಾಟಲಿಯತ್ತ ಹೋಗಿ ನಿಂತಿತು. "ಇಲ್ಲ ಕಣಮ್ಮ," ಎಂದಳು. ಹೇಳಿ ಅವಳಿಗೇ ಆಶ್ಚರ್ಯವಾಯಿತು. "ನಾಳೆ ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ. ಈಗ ಹೂ ಮುಡ್ಕೊ." ಆ ದಿನ ಎರಡು ಗೇಣು ಜಾಸ್ತಿಯೇ ಕತ್ತರಿಸಿ ಕೊಟ್ಟಳು.

ಅಂದಿನಿಂದ ದಿನಾ ರಾತ್ರಿ ಎಂಟಕ್ಕೆ ಸರಿಯಾಗಿ ಹನಿ ಹಾಕುವ ಕೆಲಸ ದಿವ್ಯಳದಾಯಿತು.

ಆರತಕ್ಷತೆಯ ದಿನ ಉಡುಗೊರೆ ಹಿಡಿದವರ ಸಾಲು ಬಾಗಿಲವರೆಗೆ ಇತ್ತು. ಎಂಟು ಹೊಡೆಯುತ್ತಿದ್ದಂತೆ ಮದುಮಗಳು ಸೀರೆ ಎತ್ತಿ ಹಿಡಿದು ವೇದಿಕೆಯಿಂದ ಇಳಿದಳು. ಕೈ ತೊಳೆದು, ಮುಂದಿನ ಸಾಲಿನಲ್ಲಿ ಕೂತಿದ್ದ ವೆಂಕಟಮ್ಮನ ಗಲ್ಲ ಹಿಡಿದಳು.

"ಅಜ್ಜಿ, ಮೇಲೆ ನೋಡಿ."

ಫೋಟೋದವನು ಅದನ್ನೂ ಕ್ಲಿಕ್ಕಿಸಿಕೊಂಡ. ಮದುವೆಯ ಆಲ್ಬಮ್ಮಿನಲ್ಲಿ ದಿವ್ಯ ಎಲ್ಲರಿಗೂ ಮೊದಲು ತೋರಿಸುವುದು ಆ ಫೋಟೋವನ್ನೇ.