ಪೂತನಿಯ ಕಣ್ಣು

ಅಂದು ಬೆಳಿಗ್ಗೆ ಕುರುಡುಮಲೆಯ ಬೆಟ್ಟವನ್ನು ಮಂಜು ಪೂರಾ ನುಂಗಿಬಿಟ್ಟಿತ್ತು. ಧನುರ್ಮಾಸದ ಚಳಿ. ರಾಗಿ ಮೆದೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಡೈರಿಗೆ ಹಾಲು ಹಾಕಿ ಬರುವವರು ಮೈಗೆ ತಗಲುವಷ್ಟು ಹತ್ತಿರ ಬಂದ ಮೇಲೆಯೇ ಯಾರೆಂದು ತಿಳಿಯುತ್ತಿತ್ತು. ಗಂಗರತ್ನಮ್ಮ ಎಂದಿನಂತೆ ಊರ ಭಜನೆ ಮಂದಿರದ ಮುಂದೆ ನೀರು ಚಿಮುಕಿಸಿ, ರಂಗೋಲಿ ಎಳೆದು, ದೀಪ ಹಚ್ಚಲು ಒಳಗೆ ಹೋದವಳು ಗೋಡೆಯ ಮುಂದೆ ನಿಂತುಬಿಟ್ಟಳು.

ಗೋಡೆಗೆ ಕೃಷ್ಣನ ಬಾಲಲೀಲೆ ಬರೆಯಲು ಮಾಲೂರಿನ ಕಡೆಯಿಂದ ಕದಿರೇಶ್ ಬಂದಿದ್ದ. ನಿನ್ನೆ ಬರೀ ಗೆರೆಯಾಗಿದ್ದ ಪೂತನಿಗೆ ಈಗ ಮೈ ತುಂಬಿತ್ತು. ಗುಡ್ಡದಂಥ ಒಡಲು, ಕೆದರಿದ ಕೂದಲು, ಹೊರಚಾಚಿದ ನಾಲಿಗೆ. ಎದೆಯ ಮೇಲೆ ನೀಲಿ ಕೂಸು. ಕಣ್ಣು ಮಾತ್ರ ಇನ್ನೂ ಬರೆದಿರಲಿಲ್ಲ.

"ಕೋರೆಹಲ್ಲು ಇನ್ನೊಂಚೂರು ಉದ್ದ ಬರ್ಲಪ್ಪ," ಎಂದರು ಮಂದಿರದ ಹಿರಿಯ ದೊಡ್ಡವೆಂಕಟಪ್ಪ, ಕಂಬಳಿಯೊಳಗಿಂದಲೇ. "ರಾಕ್ಷಸಿ ಅಂದ್ಮೇಲೆ ನೋಡ್ದೋರು ಹೆದರ್ಬೇಕು. ಇದೇನೋ ನಮ್ಮನೆಯೋಳು ಬೆಳಿಗ್ಗೆ ಎದ್ದಂಗೈತೆ."

"ಮೆಲ್ಲಗೆ ತಾತ. ಕೇಳಿಸ್ಕೊಂಡ್ರೆ ಇವತ್ತು ನಿಮ್ಗೆ ಕಾಫಿ ಸಿಗಲ್ಲ," ಎಂದ ಕದಿರೇಶ್.

ನಗುತ್ತಾ ತಿರುಗಿದ ದೊಡ್ಡವೆಂಕಟಪ್ಪ ಗಂಗರತ್ನಮ್ಮನನ್ನು ಕಂಡು ಗಂಟಲು ಸರಿಮಾಡಿಕೊಂಡರು. ಏನೋ ನೆನಪಾದವರಂತೆ ಎದ್ದು ಹೊರಟೇಹೋದರು. ಊರಲ್ಲಿ ಅವಳ ಎದುರು ಯಾರೂ ಪೂತನಿಯ ಮಾತೆತ್ತುತ್ತಿರಲಿಲ್ಲ. ಬೆನ್ನ ಹಿಂದೆ ಅವಳ ಹೆಸರೇ ಅದಾಗಿತ್ತು.

ಅವಳ ಚೊಚ್ಚಲ ಕೂಸು ಹುಟ್ಟಿದ ವಾರದಲ್ಲೇ ಮಣ್ಣು ಸೇರಿತ್ತು. ಅದೇ ಹೊತ್ತಿಗೆ ಪಕ್ಕದ ಮನೆಯ ಶಾಮಲಮ್ಮ ಹೆತ್ತು, ಬಾಣಂತಿ ಸನ್ನಿ ಹಿಡಿದು ಮಲಗಿದಳು. ಅವಳ ಮಗ ಉಮೇಶ ಹಸಿದು ಅಳುವುದು ಗೋಡೆ ದಾಟಿ ಕೇಳಿಸುತ್ತಿತ್ತು. ಕೇಳಿಸಿದೊಡನೆ ಗಂಗರತ್ನಮ್ಮನ ರವಿಕೆ ಒದ್ದೆಯಾಗುತ್ತಿತ್ತು. ಯಾರೂ ಕರೆಯದೆ ತಾನೇ ಹೋಗಿ ಮಗುವನ್ನು ಎದೆಗೆ ಹಾಕಿಕೊಂಡಳು. ತನ್ನ ಕೂಸಿಗೆಂದು ತವರಿನವರು ಕೊಟ್ಟಿದ್ದ, ಮೂತಿಯಿರುವ ಪುಟ್ಟ ಹಿತ್ತಾಳೆಯ ಒಳಲೆಯಲ್ಲಿ, ತಾನಿಲ್ಲದ ಹೊತ್ತಿಗೆ ಕುಡಿಸಲೆಂದು ಹಾಲು ಹಿಂಡಿ ಇಟ್ಟು ಬರುತ್ತಿದ್ದಳು.

ಅವರ ಕೇರಿಯಲ್ಲಿ ಒಂದು ವಾಡಿಕೆಯಿತ್ತು. ಬೇರೊಬ್ಬಳ ಎದೆಹಾಲು ಕುಡಿದ ಮಗು ಮೊದಲ ಅನ್ನ ಉಂಡ ದಿನ, ಹೆತ್ತವಳು ಆ ಒಳಲೆಯ ತುಂಬ ಹಸುವಿನ ಹಾಲು ತಂದು ಹಾಲು ಕೊಟ್ಟವಳ ಕೈಗೆ ಒಪ್ಪಿಸಬೇಕು. ಬರಿದಾಗಿ ಕೊಡಬಾರದು. ಅಲ್ಲಿಂದಾಚೆಗೆ ಆ ಮಗುವಿಗೆ ತಾಯಂದಿರು ಇಬ್ಬರು.

ಆ ದಿನ ಬರಲಿಲ್ಲ. ಮಗುವಿಗೆ ಕಾಮಾಲೆ ತಿರುಗಿ ಮೈ ಹಳದಿಯಾಯಿತು. ಶಾಮಲಮ್ಮನ ಅತ್ತೆ ಬಂದು ಎದೆಯಿಂದಲೇ ಕೂಸನ್ನು ಕಿತ್ತುಕೊಂಡಳು. "ಸತ್ತ ಕೂಸಿನ ಹಾಲು ಕಣೇ ನಿಂದು, ವಿಷ. ಪೂತನಿ ಹೊಕ್ಕಂಗೆ ಹೊಕ್ಬಿಟ್ಟೆಯಲ್ಲೇ ನಮ್ಮನೆಗೆ."

ಔಷಧಿಗೆ ಮಗು ಚೇತರಿಸಿಕೊಂಡಿತು. ಹೆಸರು ಉಳಿದುಕೊಂಡಿತು. ಒಳಲೆ ಆ ಮನೆಯಲ್ಲೇ ಉಳಿಯಿತು. ಹಾಲು ಕೂಡ ಹೇಳಿದ ಮಾತು ಕೇಳಿ ನಿಲ್ಲುವಂಥದ್ದಲ್ಲ. ಹಿತ್ತಿಲ ನುಗ್ಗೆಮರದ ಬುಡಕ್ಕೆ ಹಿಂಡಿ ಚೆಲ್ಲುತ್ತಾ ಕೂತಿದ್ದಳು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಉಮೇಶ ಬೆಳೆದು ನರಸಾಪುರದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದ. ಎದುರಾದರೆ "ಊಟ ಆಯ್ತಾ ಅತ್ತೆ" ಅನ್ನುತ್ತಿದ್ದ, ಅಷ್ಟೇ. ಅಷ್ಟನ್ನೇ ಅವಳು ಮನೆಗೆ ತಂದು ಇಡೀ ದಿನ ಇಟ್ಟುಕೊಳ್ಳುತ್ತಿದ್ದಳು. ಈ ಕಾರ್ತಿಕದಲ್ಲಿ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ತಗುಲಿತು. ಊರಿನ ಹೆಂಗಸರೆಲ್ಲ ಶಾಮಲಮ್ಮನ ಅಂಗಳದಲ್ಲಿ ಕೂತು ಅತ್ತರು. ಗಂಗರತ್ನಮ್ಮ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೋದರೂ ಅವನು ತನಗೆ ಏನಾಗಬೇಕೆಂದು ಹೇಳಿ ಅಳುವುದು?

"ಕಣ್ಣು ಹೆಂಗೆ ಬರೀತೀಯಪ್ಪ?" ಎಂದು ಕದಿರೇಶನನ್ನು ಕೇಳಿದಳು.

"ರಾಕ್ಷಸರ ಕಣ್ಣಿಗೆ ಒಂದು ಲೆಕ್ಕ ಐತಕ್ಕ. ದೇವ್ರಿಗಾದ್ರೆ ತಾವರೆ ಎಸಳಿನಂಗೆ, ಅರ್ಧ ಮುಚ್ಚಿರ್ಬೇಕು. ಇವ್ರಿಗೆ ಗುಂಡಗೆ. ಕರಿಗುಡ್ಡೆ ಸುತ್ತ ಬಿಳುಪು ಕಾಣ್ಬೇಕು. ಯಾರ ಕಡೇನೂ ನೋಡ್ಬಾರ್ದು, ಸುಮ್ನೆ ಕೆಕ್ಕರಿಸ್ತಿರ್ಬೇಕು."

"ಮಗು ಎದೇಲೈತಲ್ಲ. ಹಾಲು ಕುಡಿಸೋಳು ಮಗುನ್ನ ನೋಡ್ದೆ ಇನ್ನೆಲ್ಲಿ ನೋಡ್ತಾಳೆ?"

"ಕೊಲ್ಲೋಕೆ ಬಂದೋಳಕ್ಕ ಅವ್ಳು."

"ಬಂದಿದ್ದು ಕೊಲ್ಲೋಕೇನೆ. ಸ್ವಾಮಿ ಬಾಯಿ ಹಾಕಿದ್ಮೇಲೆ ಅವಳೆದೇಲಿ ಏನಾಯ್ತೋ ಯಾರು ಕಂಡೋರು? ಅವಳನ್ನ ಸುಟ್ಟಾಗ ಹೊಗೆಯೆಲ್ಲ ಅಗರಿನ ವಾಸನೆ ಬಂತಂತೆ. ನಮ್ಮಜ್ಜಿ ಹೇಳೋಳು, ಅವಳಿಗೂ ತಾಯಿ ಪದವೀನೇ ಕೊಟ್ಟ ಅಂತ. ದೇವರೇ ಕೊಟ್ಟ ಮೇಲೆ..."

"ಆಯಕ್ಕ ಹೇಳ್ದಂಗೆ ಬರಿಯಪ್ಪ."

ಬಾಗಿಲಲ್ಲಿ ಶಾಮಲಮ್ಮ ನಿಂತಿದ್ದಳು. ಮಗ ಹೋದ ಮೇಲೆ ಹೊಸಿಲು ದಾಟಿರದ ಹೆಂಗಸು. ತಲೆಗೂದಲ ಮೇಲೆಲ್ಲ ಮಂಜಿನ ಹನಿ ಕೂತಿತ್ತು. "ಮಗುನ್ನೇ ನೋಡ್ತಿರ್ಲಿ," ಎಂದಳು.

ಕದಿರೇಶ್ ಇಬ್ಬರ ಮುಖವನ್ನೂ ನೋಡಿದ. ಸಣ್ಣ ಕುಂಚ ತೆಗೆದುಕೊಂಡು ಏಣಿ ಹತ್ತಿದ.

"ಅವತ್ತೇ ತರ್ಬೇಕಿತ್ತು ರತ್ನಕ್ಕ," ಎಂದಳು ಶಾಮಲಮ್ಮ, ನೆಲ ನೋಡುತ್ತಾ. "ಒಬ್ಳೇ ಅಳೋಕೆ ಆಗ್ತಿಲ್ಲ."

ಸೆರಗಿನೊಳಗಿಂದ ಅವಳ ಕೈ ಹೊರಗೆ ಬಂತು. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಒಳಲೆ. ಅಂಚಿನವರೆಗೂ ಹಾಲು, ಇನ್ನೂ ಕರೆದ ಬಿಸಿ ಆರಿರಲಿಲ್ಲ. ಗಂಗರತ್ನಮ್ಮ ಎರಡು ಕೈಯನ್ನೂ ಬೊಗಸೆ ಮಾಡಿದಳು. ಶಾಮಲಮ್ಮ ಒಂದು ಹನಿಯೂ ತುಳುಕದ ಹಾಗೆ ಅದನ್ನು ಆ ಬೊಗಸೆಯಲ್ಲಿಟ್ಟಳು.