ಕರಿ ಟಿಕೇಟಿನ ಬಳ್ಳಿ

ಬೆನ್ನ ಮೇಲೆ ಫರ್ಸಿಕಲ್ಲು ಹೊತ್ತು ಬಗ್ಗಿ ನಿಂತವಳು ತನ್ನ ತಂಗಿಯೆಂಬುದು ಶಿವರಾಯನಿಗೆ ಮೊದಲು ತಿಳಿಯಲೇ ಇಲ್ಲ. ಚಿತ್ತಾಪುರದ ದೇಶಮುಖರ ವಾಡೆಯೊಳಗೆ ಕಾಲಿಟ್ಟಾಗ ಅವನಿಗೆ ಕಂಡದ್ದು ಬರೀ ಕಲ್ಲು. ಕಲ್ಲಿನ ಕೆಲಸದವನ ಕಣ್ಣು ಕಲ್ಲನ್ನೇ ಮೊದಲು ನೋಡುತ್ತದೆ. ಶಹಾಬಾದಿನ ಖಣಿಯದು, ಎರಡು ಮೊಳ ಉದ್ದ, ಇಬ್ಬರು ಎತ್ತುವ ಭಾರ. ಆಮೇಲೆ ಅದರ ಕೆಳಗೆ ನೆಲಕ್ಕೆ ಊರಿದ ಎರಡು ಕೈ ಕಂಡವು. ಹಸಿರು ಬಳೆ. ಪಂಚಮಿಗೆ ತಾನೇ ಇಡಿಸಿಕೊಟ್ಟ ಬಳೆ.

"ಸಾಬಮ್ಮಾ!"

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಕಲ್ಲು ಜಾರುತ್ತಿತ್ತು. ಜಾರಿದರೆ ಇನ್ನೊಂದು ಹೇರುತ್ತೇವೆಂದು ಹೇಳಿದ್ದರು.

ಕಟ್ಟೆಯ ಮೇಲೆ, ಗಾದಿಗೆ ಒರಗಿ, ದೇಶಮುಖ ರೇವಣಪ್ಪ ಕುಳಿತಿದ್ದರು. ಹಣೆಯಲ್ಲಿ ಮೂರು ಬೆರಳು ವಿಭೂತಿ. ಪಕ್ಕದ ಕುರ್ಚಿಯಲ್ಲಿ ಪೋಲೀಸ್ ಅಮೀನ ಅಮೀರ್ ಅಲಿ. ಸಂಜೆಯ ರೈಲುಗಾಡಿಗೆ ಸಾಬಮ್ಮನನ್ನು ಕಲಬುರ್ಗಿಯ ಜೇಲಿಗೆ ಒಯ್ಯಲು ಬಂದವನು.

ಅವಳ ತಪ್ಪೇನು? ಒಂದು ಅಂಚೆಚೀಟಿ. ಜರ್ಮನರ ನಾಡಿನಲ್ಲಿ ಎಲ್ಲಕ್ಕೂ ಮೊದಲು ಅಚ್ಚಾದ, ತೊಂಬತ್ತು ವರುಷದ ಹಿಂದಿನ ಕರಿ ಚೀಟಿ. ನಡುವೆ ದೊಡ್ಡದಾಗಿ ಒಂದರ ಅಂಕಿ, ಅದರ ಮೈತುಂಬ ಸಣ್ಣ ಬಳ್ಳಿ. ಅದು ದೇಶಮುಖರ ಅಜ್ಜನಿಗೆ ಯಾರೋ ಪಾದ್ರಿಯಿಂದ ಬಂದದ್ದು. ಈಗ ಮುಂಬಯಿಯ ಒಬ್ಬ ಸೇಠನಿಗೆ ಮಾರಿದರೆ, ಸೇಠ ಚೀಟಿ ಪರೀಕ್ಷಿಸುವ ಪಾರಖಿಗೆ ತೋರಿಸಿ, ನಕಲಿಯೆಂದು ಕಾಗದ ಬರೆದು ಹಿಂದಕ್ಕೆ ಕಳಿಸಿದ. ಮೋಸದ ಫಿರ್ಯಾದು ಮಾಡುತ್ತೇನೆಂದೂ ಬರೆದ. ಅಂದೇ ದೇಶಮುಖರು ಸಾರಿಬಿಟ್ಟರು: ಕಪಾಟು ಒರೆಸುವವಳು ಅಸಲಿ ಕದ್ದು ನಕಲಿ ಇಟ್ಟಿದ್ದಾಳೆ. ಕಪಾಟು ಒರೆಸುತ್ತಿದ್ದವಳು ಸಾಬಮ್ಮ.

ಸುದ್ದಿ ತಿಳಿದ ಶಿವರಾಯ ಶಹಾಬಾದಿನಿಂದ ಗಾಡಿ ಹತ್ತಿ, ವಾಡಿ ಜಂಕ್ಷನ್ನಿನಲ್ಲಿ ಬದಲಿಸಿ ಬಂದಿದ್ದ. ಬರುವಾಗ ತನ್ನ ಕಲ್ಲಚ್ಚಿನ ಛಾಪಖಾನೆಯ ಉಸ್ತಾದ ಅಬ್ದುಲ್ ಗನಿಯವರನ್ನೂ ಕೈಮುಗಿದು ಕರೆತಂದಿದ್ದ. ಓದಿದವರು, ಸುಂದರ ಬರವಣಿಗೆಯವರು, ಅವರ ಮಾತಿಗೆ ತೂಕವಿರುತ್ತದೆಂಬ ಆಸೆ. ಉಸ್ತಾದರು ಮರುಮಾತಿಲ್ಲದೆ ಹೊರಟಿದ್ದರು. ವಾಡಿಯಲ್ಲಿ ಚಹಾ ಕೊಡಿಸಿದರೆ ಕುಡಿಯಲಿಲ್ಲ. ದಾರಿಯುದ್ದಕ್ಕೂ ಜಪಮಣಿ ಎಣಿಸುತ್ತಲೇ ಇದ್ದರು.

"ಧಣೇರ, ಮೊದಲ ಆ ಕಲ್ಲ ಇಳಸ್ರಿ," ಅಂದ ಶಿವರಾಯ. "ನನ್ನ ತಂಗಿ ಹೋದ ಸಂಕ್ರಮಣಕ್ಕ ನಿಮ್ಮಲ್ಲಿ ಕೆಲಸಕ್ಕ ಬಂದಾಕಿ. ಅಕಿಗಿ ನಕಲಿ ಟಿಕೇಟು ಎಲ್ಲಿಂದ ಸಿಗ್ತದರಿ?"

"ನೀ ಯಾವ ವಕೀಲನೋ? ನಿಂದೇನ ಕಸಬು?"

"ಛಾಪಖಾನಿದಾಗ ಸಂಗಸಾಜ ಇದ್ದೀನ್ರಿ. ಕಲ್ಲಿನ ಮ್ಯಾಲ ಇಳಿದ ಬರವಣಿಗಿ ತಪ್ಪಿದ್ರ ತಿದ್ದಾಂವ. ಆ ಟಿಕೇಟು ಒಮ್ಮಿ ತೋರಸ್ರಿ. ಕಲ್ಲಚ್ಚೋ ಬ್ಯಾರೇದೋ ಹೇಳ್ತೀನಿ."

ದೇಶಮುಖರ ಕಣ್ಣು ಅವನ ಹಿಂದೆ ನಿಂತ ಮುದುಕನ ಮೇಲೆ ಬಿತ್ತು. ಬಿದ್ದಷ್ಟೇ ಬೇಗ ಬೇರೆ ಕಡೆ ಹೊರಳಿತು.

"ಬ್ಯಾಡ. ಪಾರಖಿ ಹೇಳಿ ಆಗ್ಯಾದ. ಇವನಿಗೇನ ತಿಳೀತದ?"

"ನೋಡ್ಲಿ ಬಿಡ್ರಿ ದೇಶಮುಖ್ ಸಾಹೇಬ್," ಅಂದ ಅಮೀನ. ಹೊತ್ತು ಹೋಗದೆ ಬೇಸತ್ತಿದ್ದ ಅವನಿಗೆ ತಮಾಷೆ ಬೇಕಾಗಿತ್ತು. "ಗಾಡಿಗಿ ಇನ್ನೂ ಭಾಳ ಟೈಮ್ ಅದ."

ಚೀಟಿ ಶಿವರಾಯನ ಅಂಗೈಗೆ ಬಂತು. ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ದೊಡ್ಡದು. ಅವನು ಅದನ್ನು ಬೆನ್ನುಮೇಲಾಗಿ ತಿರುಗಿಸಿ ಬೆಳಕಿಗೆ ಓರೆ ಹಿಡಿದ, ಬೆರಳ ತುದಿಯಿಂದ ಸವರಿದ.

"ಪಾರಖಿ ಖರೇನ ಹೇಳ್ಯಾನ್ರಿ. ಅಸಲಿದು ಲೋಹದ ಅಚ್ಚಂತ. ಅಚ್ಚು ಕಾಗದದಾಗ ಊರ್ತದ, ಹಿಂದ ಉಬ್ಬು ಸಿಗ್ತದ, ಗೆರಿ ಅಂಚಿಗಿ ಮಸಿ ಗಟ್ಟಿ ನಿಲ್ತದ. ಇದು ನುಣ್ಣಗದ. ಮಸಿ ಕಾಗದದ ಮ್ಯಾಲ ಸುಮ್ನ ಮಲಗ್ಯಾದ. ಇದು ಕಲ್ಲಚ್ಚು."

"ಆತಲ್ಲ! ಬರ್ಕೋರಿ ಅಮೀನಸಾಬ. ಅಕಿ ಅಣ್ಣನ ಬಾಯಿಂದಾನೇ ಬಂತು."

"ತಡೀರಿ. ಇನ್ನೂ ಓದಿಲ್ಲ."

ಶಿವರಾಯ ಅಂಗಿಯ ಕಿಸೆಯಿಂದ ಒಂದು ಸಣ್ಣ ಕನ್ನಡಿ ತೆಗೆದು ಚೀಟಿಗೆ ಎದುರು ಹಿಡಿದ. ಅಮೀನ ಗೊಳ್ಳೆಂದು ನಕ್ಕ.

"ಅರೇ, ಟಿಕೇಟಿಗಿ ಮಾರಿ ತೋರಸ್ತೀಯೇನೋ? ಕುಂಕುಮಾನೂ ಹಚ್ಚು!"

ನಗಲಿ. ಶಾಲೆಯ ಮೆಟ್ಟಿಲು ಹತ್ತಗೊಡದೆ ಎಂಟನೆಯ ವರುಷಕ್ಕೇ ಖಣಿಗೆ ಅಟ್ಟಿದ ಊರು ಇದು. ಅವನು ಅಕ್ಷರ ಕಲಿತದ್ದು ಕಲ್ಲಿನ ಮೇಲೆ. ಕಲ್ಲಿನ ಮೇಲೆ ಎಲ್ಲವೂ ಉಲ್ಟಾ ಇರುತ್ತದೆ, ಕಾಗದಕ್ಕೆ ಇಳಿದಾಗ ಸುಲ್ಟಾ ಆಗುತ್ತದೆ. ಮಂದಿ ಕಲ್ಲನ್ನು ಓದಲು ಕನ್ನಡಿ ಹಿಡಿಯುತ್ತಾರೆ. ಶಿವರಾಯನಿಗೆ ಕಾಗದ ಓದಲು ಕನ್ನಡಿ ಬೇಕು.

ಕನ್ನಡಿಯಲ್ಲಿ ಚೀಟಿ ಹೊರಳಿ ನಿಂತಿತು. ಅಂಕಿ ಕಂಡಿತು. ಬಳ್ಳಿ ಕಂಡಿತು. ಬಳ್ಳಿಯ ಒಂದು ಕುಡಿ, ಕೆಳಗಿನ ತಿರುವಿನಲ್ಲಿ, ಮಾವಿನಕಾಯಿಯಂಥ ಕೈರಿ ಚಿತ್ತಾರದಂತೆ ಕೊಕ್ಕು ಬಾಗಿಸಿ ಮುಗಿದಿತ್ತು.

ಅವನು ಕನ್ನಡಿಯನ್ನು ಇನ್ನಷ್ಟು ಹತ್ತಿರ ತಂದ.

ಜರ್ಮನಿಯ ಬಳ್ಳಿಗೆ ಕೈರಿ ಎಲ್ಲಿಯದು? ನಿಕಾಹದ ಕರೆಯೋಲೆಗಳ ಅಂಚಿಗೆ ತಾನು ದಿನವೂ ತಿದ್ದುವ ಕೈರಿ ಅದು. ಮೂರು ವರುಷದ ಹಿಂದೆ ಒಂದು ಸಣ್ಣ ಕಲ್ಲಿನ ಮೇಲೆ ಬಳ್ಳಿ ಸರಿಯಾಗಿ ಇಳಿಯದೆ ತುಂಡಾಗಿತ್ತು. 'ಅತ್ತರಿನ ಶೀಸೆಯ ಚೀಟಿ, ಜೋಡಿಸು' ಅಂದಿದ್ದರು ಉಸ್ತಾದರು. ಅವನು ಒಂದೇ ಕೂದಲಿನ ಕುಂಚದಿಂದ ಜೋಡಿಸಿದ್ದ. ಕೈ ತನ್ನ ರೂಢಿಯಂತೆ ಕೊನೆಗೊಂದು ಕೊಕ್ಕು ಎಳೆದಿತ್ತು.

ಮುಂಬಯಿಯ ಪಾರಖಿ ಕಲ್ಲನ್ನು ಹಿಡಿದಿದ್ದ. ಶಿವರಾಯ ಈಗ ಕೈಯನ್ನು ಹಿಡಿದ. ಆ ಕೈ ಅವನದೇ. ತಂಗಿಯ ಬೆನ್ನ ಮೇಲೆ ಆ ಕಲ್ಲು ಹೇರಿದ್ದು ಅವನೇ!

"ಏನೋ, ದೆವ್ವ ಕಂಡ್ಹಂಗ ನಿಂತಿ?" ಅಂದ ಅಮೀನ.

"ಇದು..." ಅವನು ಕಲ್ಲಿನ ಕೆಳಗಿನ ಹಸಿರು ಬಳೆ ನೋಡಿದ. ಸುಮ್ಮನಿದ್ದರೆ ತಾನು ಉಳಿಯುತ್ತೇನೆ, ಸಾಬಮ್ಮ ಜೇಲಿಗೆ ಹೋಗುತ್ತಾಳೆ. ಇಷ್ಟೇ ಲೆಕ್ಕ. "ಇದು ನಾ ತಿದ್ದಿದ್ದು. ನಮ್ಮ ಛಾಪಖಾನಿದು. ಮೂರು ವರ್ಷ ಆತು. ಆವಾಗ ನನ್ನ ತಂಗಿ ಈ ವಾಡೆ ಬಾಗಿಲ ಸೈತ ನೋಡಿದ್ದಿಲ್ಲ!"

ದೇಶಮುಖರು ಗಾದಿಯಿಂದ ನೆಟ್ಟಗಾದರು. "ಕೇಳಿದ್ರಾ? ಅಣ್ಣ ಛಾಪಿಸಿದ, ತಂಗಿ ತಂದಿಟ್ಟಳು. ಇಬ್ಬರಿಗೂ ಬೇಡಿ ಹಾಕ್ರಿ!"

ಶಿವರಾಯ ಕನ್ನಡಿಯನ್ನು ಕಿಸೆಗೆ ಇಳಿಸಿದ. ಸತ್ಯ ಹೇಳಿದರೆ ಬಿಡುಗಡೆಯೆಂದು ನಂಬಿದ್ದ ಮೂಢ! ಇವರ ಕಟ್ಟೆಯ ಮೇಲೆ ಸತ್ಯಕ್ಕೂ ಧಣಿಯಿದ್ದಾನೆ.

ಆಗ ಜಪಮಣಿಯ ಸದ್ದು ನಿಂತಿತು.

"ಆ ಟಿಕೇಟು ಬರದದ್ದು ನಾನು," ಅಂದರು ಅಬ್ದುಲ್ ಗನಿ. "ಬರಸಿದ್ದು ನೀವು, ದೇಶಮುಖರೇ. ಅಸಲಿ ಟಿಕೇಟು ಚಿಮಟಿಗಿದಾಗ ಹಿಡಕೊಂಡು ಎರಡು ದಿನ ನನ್ನ ಮುಂದ ಕುಂತಿದ್ರಿ. ನನಗ ಮುಟ್ಟಗೊಡಲಿಲ್ಲ. ಆಲ್ಬಮ್ಮಿನ ಶೌಕಿಗಿ ಬೇಕು ಅಂದ್ರಿ. ನಾಲ್ಕು ಹಾಳಿ ಹೊಡದು ನಿಮ್ಮ ಕೈಗೇ ಕೊಟ್ಟೀನಿ. ಉಳಿದಾವು ಆ ಕಪಾಟಿನಾಗ ಇರಬೇಕು. ಅಸಲಿ ಯಾರಿಗಿ ಮಾರಿದ್ರಿ, ನೀವೇ ಹೇಳ್ರಿ."

ಶಿವರಾಯ ಉಸ್ತಾದರತ್ತ ತಿರುಗಿದ. ಕಲ್ಲು ಹಿಡಿಯಲು, ಕುಂಚ ಹಿಡಿಯಲು, ಮನುಷ್ಯನಂತೆ ಕೂಡಲು ಕಲಿಸಿದವರು.

"ಗೊತ್ತಿತ್ತೇನ್ರಿ ನಿಮಗ? ವಾಡಿ ಸ್ಟೇಷನ್ದಾಗೇ ಗೊತ್ತಿತ್ತು?"

"ಮನೀ ಬಿಡೂವಾಗೇ ಗೊತ್ತಿತ್ತು. ಬಾಯಿ ಬಂದಿದ್ದಿಲ್ಲ, ಬೇಟಾ. ನೀ ನಿನ್ನ ಹೆಸರ ಹೇಳಿದ ಮ್ಯಾಲ ಬಂತು."

ಅಮೀನನ ನಗು ಎಲ್ಲಿಯೋ ಹೋಗಿತ್ತು. ಅವನು ಕಪಾಟನ್ನು ನೋಡಿದ, ದೇಶಮುಖರನ್ನು ನೋಡಿದ. ಬರೆಯಲು ತೆಗೆದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಎದ್ದು ಕಪಾಟು ತೆರೆಯಲು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಅವನು ಇಡಲಿಲ್ಲ.

ಶಿವರಾಯ ಯಾರನ್ನೂ ಕೇಳಲಿಲ್ಲ. ಕಲ್ಲಿನ ಒಂದು ಅಂಚು ತಾನು ಹಿಡಿದ, ಇನ್ನೊಂದು ಅಂಚನ್ನು ಎಪ್ಪತ್ತರ ಉಸ್ತಾದರು ಹಿಡಿದರು. ಇಳಿಸಿದರು. ಸಾಬಮ್ಮ ನೆಟ್ಟಗಾಗಲು ಹೋಗಿ ಆಗದೆ, ಅಣ್ಣನ ತೋಳು ಹಿಡಿದು ಅರ್ಧ ಬಗ್ಗಿಯೇ ನಿಂತಳು. ರವಿಕೆ ಬೆನ್ನಿಗೆ ಅಂಟಿ ರಕ್ತ ಒಸರುತ್ತಿತ್ತು.

"ಅಣ್ಣಾ, ಅದೇನದ, ನನಗೂ ತೋರ್ಸು. ನಾ ಕಂಡೇ ಇಲ್ಲ."

ಅವನು ಅವಳ ಅಂಗೈ ಮೇಲೆ ಇಟ್ಟ. ಅವಳು ಅತ್ತ ಇತ್ತ ಹೊರಳಿಸಿ ನೋಡಿದಳು.

"ಇಷ್ಟ? ಇದಕ್ಕ? ಮುಂಜಾನಿಂದ ಇದಕ್ಕಾ?"

ಅವಳ ಕೈಯಿಂದ ಚೀಟಿ ಜಾರಿ ನೆಲಕ್ಕೆ ಬಿತ್ತು. ಯಾರೂ ಅಂದುಕೊಂಡಿರದಂತೆ ದೇಶಮುಖರು ಕಟ್ಟೆಯಿಂದ ಧಡಧಡ ಇಳಿದು, ಧೋತರ ಕಾಲಿಗೆ ತೊಡರಿ, ಅವಳ ಕಾಲ ಬಳಿಯೇ ಬಗ್ಗಿ ಕೈ ಚಾಚಿದರು. ಅಷ್ಟರಲ್ಲಿ ಅಮೀನನ ಬೂಟು ಚೀಟಿಯ ಮೇಲೆ ಬಂದು ನಿಂತಿತ್ತು.

"ಬಿಡ್ರಿ ದೇಶಮುಖ್ ಸಾಹೇಬ್. ಇದು ನನ್ನ ಹತ್ರ ಇರ್ಲಿ. ನಾವಿಬ್ರು ಆಮ್ಯಾಲ ಕುಂತು ಮಾತಾಡಮು." ಮತ್ತೆ ತಲೆ ಎತ್ತದೆಯೇ ಅಂದ: "ಏ, ನೀವು ಮೂರೂ ಮಂದಿ, ಹೋಗ್ರಿ ಇಲ್ಲಿಂದ."

ಅವರು ಹೊರಟರು. ನ್ಯಾಯ ಸಿಕ್ಕಿತೆಂದು ಶಿವರಾಯನಿಗೆ ಅನಿಸಲಿಲ್ಲ. ಅದು ದೇಶಮುಖರ ಕೈಯಿಂದ ಅಮೀನನ ಕೈಗೆ ದಾಟಿತ್ತು, ಅಷ್ಟೇ. ದೊಡ್ಡ ಬಾಗಿಲು ದಾಟಿದ ಮೇಲೂ ಸಾಬಮ್ಮನ ಬೆನ್ನು ನೆಟ್ಟಗಾಗಲಿಲ್ಲ. ಸ್ಟೇಷನ್ನಿನ ತನಕ ಅವಳು ನೆಲ ನೋಡುತ್ತಲೇ ನಡೆದಳು.