ಮೆಟ್ಟಿಲ ಸಂದು

“ತೆಗೆಸಿಬಿಡಿ,” ಎಂದಿತು ಫೋನಿನಲ್ಲಿ ಹೆಂಗಸಿನ ದನಿ.

“ಏನನ್ನ?”

“ಇನ್ನೇನನ್ನ? ನಿಮ್ಮ ಮೆಟ್ಟಿಲನ್ನ.”

ಅವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆದ. ಇಷ್ಟು ವರ್ಷಗಳಲ್ಲಿ ಮೆಟ್ಟಿಲು ಮಾಡಿಕೊಡಿ ಎಂದವರಿದ್ದರು, ಬೇಗ ಮಾಡಿಕೊಡಿ ಎಂದು ತಲೆ ತಿಂದವರಿದ್ದರು, ತಮ್ಮನ ಮನೆಯದಕ್ಕಿಂತ ಒಂದು ಕೈ ಮೇಲಿರಲಿ ಎಂದು ಕಿವಿಯಲ್ಲಿ ಪಿಸುಗುಟ್ಟಿದವರೂ ಇದ್ದರು. ತೆಗೆಸಿ ಎಂದವರು ಇವರೇ ಮೊದಲು.

“ಅಲುಗಾಡ್ತಿದೆಯಾ ಮೇಡಂ? ಬೋಲ್ಟು ಏನಾದ್ರೂ...”

“ಏನೂ ಅಲುಗಾಡ್ತಿಲ್ಲ. ಗುಂಡುಕಲ್ಲಿನ ಹಾಗಿದೆ. ಒಂದ್ಸಲ ಬಂದು ಹೋಗಿ.” ಫೋನು ಕಟ್ಟಾಯಿತು.

“ಯಾರದು?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ಕೆಲಸದ್ದು.”

“ಓ.”

ಅಷ್ಟೇ. ಅವಳು ಮುಂದೆ ಕೇಳಿದ್ದರೆ ಹೇಳುತ್ತಿದ್ದನೋ ಇಲ್ಲವೋ, ಅವನಿಗೂ ಗೊತ್ತಿಲ್ಲ. ತಿಂಡಿಗೆ ಕೂತಾಗ ಉಪ್ಪು ಸರಿಯಿದೆಯಾ ಎಂದಳು, ಸರಿಯಿದೆ ಎಂದ. ಗಂಡ ಹೆಂಡತಿ ಎಂದರೆ ಹೀಗಿರಬೇಕು, ಒಂದು ದಿನವೂ ದನಿ ಏರಿಸಿದ್ದು ಕೇಳಿಲ್ಲ ಎಂದು ನೆಂಟರು ಹೊಗಳುತ್ತಿದ್ದರು. ಹೊಗಳಿಕೆಯಲ್ಲಿ ಸುಳ್ಳೇನೂ ಇರಲಿಲ್ಲ.

ಕಾರಿನಲ್ಲಿ ಕೂತ ಮೇಲೂ ಅವನಿಗೆ ಸಿಟ್ಟು ಬರಲಿಲ್ಲ. ಬರಬೇಕಾಗಿತ್ತು, ಬಂದದ್ದು ಕುತೂಹಲ. ಎಷ್ಟೋ ದಿನಗಳ ಮೇಲೆ ಹಾಗೆ ಬಂದದ್ದರಿಂದ ಅದನ್ನು ಗುರುತು ಹಿಡಿಯಲೂ ಸ್ವಲ್ಪ ಹೊತ್ತು ಬೇಕಾಯಿತು.

ಗಾಳಿಯಲ್ಲಿ ತೇಲುವಂತೆ ಕಾಣುವ ಮೆಟ್ಟಿಲು ಅವನ ಕಸುಬು. ಗೋಡೆಯಿಂದ ದಪ್ಪ ಮರದ ಹಲಗೆಗಳು ಒಂದೊಂದಾಗಿ ಚಾಚಿಕೊಂಡಿರುತ್ತವೆ. ಕೆಳಗೆ ಕಂಬವಿಲ್ಲ, ಮುಂದೆ ಅಡ್ಡಹಲಗೆಯಿಲ್ಲ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಪ್ಪು ಕಬ್ಬಿಣದ ತೆಳು ಸರಳು ಮಾತ್ರ. ಭಾರವನ್ನೆಲ್ಲ ಹೊರುವ ಉಕ್ಕಿನ ತೊಲೆ ಗೋಡೆಯೊಳಗೆ ಗಾರೆಯ ಹಿಂದೆ ಅಡಗಿರುತ್ತದೆ. “ಹೊರೋದು ಕಾಣಬಾರದು,” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಕೆಲಸ ಮುಗಿದ ದಿನ ಮನೆಯವರನ್ನೆಲ್ಲ ಪಕ್ಕಕ್ಕೆ ಸರಿಸಿ ಫೋಟೋ ತೆಗೆದುಕೊಂಡು ಬಂದುಬಿಡುತ್ತಿದ್ದ. ಆಫೀಸಿನ ಗೋಡೆಯ ತುಂಬ ಅವೇ ಫೋಟೋಗಳು, ಒಂದರಲ್ಲೂ ಒಂದು ನರಪಿಳ್ಳೆಯಿಲ್ಲ.

ಬಾಗಿಲು ತೆರೆದ ಮೇಡಂ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವನು ಮೊದಲು ಮೆಟ್ಟಿಲನ್ನು ನೋಡಿದ. ಬಣ್ಣ ಬಳಿಯದ ಕಾಂಕ್ರೀಟ್ ಗೋಡೆಗೆ ಹಲಗೆಗಳು ಹಾಗೇ ನಿಂತಿದ್ದವು, ಕೂದಲೆಳೆಯಷ್ಟೂ ಬಾಗಿರಲಿಲ್ಲ. ಸಂದುಗಳಿಂದ ಹಿಂದಿನ ಕಿಟಕಿಯ ಬೆಳಕು ಹಾಯುತ್ತಿತ್ತು. ಎದೆ ತುಂಬಿ ಬಂತು. ಆಮೇಲೆ ಇನ್ನೇನೋ ಕಣ್ಣಿಗೆ ಬಿತ್ತು: ಮೇಲಿನ ಕಟಕಟೆಯಿಂದ ಹಗ್ಗವೊಂದು ಇಳಿಬಿದ್ದಿತ್ತು. ಹಗ್ಗದ ತುದಿಗೆ ಬುಟ್ಟಿ, ಬುಟ್ಟಿಯಲ್ಲಿ ಫ್ಲಾಸ್ಕು.

“ಇದೇನಿದು?”

“ನಮ್ಮನೆಯವರ ತಿಂಡಿ. ಅವರು ಮೇಲಿದಾರೆ.”

“ಹುಷಾರಿಲ್ವಾ?”

“ಹುಷಾರಾಗಿದಾರೆ. ಕಳೆದ ಬೇಸಿಗೆಯಿಂದ ಕೆಳಗೆ ಬಂದಿಲ್ಲ.”

ಅವನು ನಗಲೋ ಬೇಡವೋ ಎಂದು ಅವರ ಮುಖ ನೋಡಿದ. ಅವರು ನಗುತ್ತಿರಲಿಲ್ಲ.

“ಇಳೀತಾ ಇದ್ದವರು ಅರ್ಧದಲ್ಲಿ ನಿಂತುಬಿಟ್ರು. ಸಂದಿನಲ್ಲಿ ಕೆಳಗೆ ಕಂಡಿತಂತೆ. ತಲೆ ತಿರುಗ್ತು ಅಂತ ವಾಪಸ್ ಹತ್ತಿದ್ರು. ಅವತ್ತೇ ಕೊನೆ. ಜೀವಮಾನ ಪೂರ್ತಿ ಮೇಲಧಿಕಾರಿ ಆಗಿದ್ದವರು ನೋಡಿ, ಈಗ ನಿಜವಾಗ್ಲೂ ಆಗಿದಾರೆ.” ಈ ಮಾತನ್ನು ಅವರು ಎಷ್ಟೋ ಸಲ ಯಾರಿಗೋ ಹೇಳಿದ್ದರೆಂದು ದನಿಯಿಂದಲೇ ಗೊತ್ತಾಗುತ್ತಿತ್ತು.

“ಅಷ್ಟೊಂದು ಭಯಾನಾ?”

ಅವರು ಮೇಲೆ ನೋಡಿ ದನಿ ತಗ್ಗಿಸಿದರು. “ಭಯ ಎಲ್ಲಿಂದ ಬಂತು? ವಾರಕ್ಕೊಂದ್ಸಲ ತಂಗಿ ಮನೆಗೆ ಹೋಗ್ತೀನಿ ಅಂತ ಗಟ್ಟಿಯಾಗಿ ಹೇಳಿ ಹೊರಡ್ತೀನಿ. ವಾಪಸ್ ಬಂದಾಗ ಈ ಕುರ್ಚಿ ಬೆಚ್ಚಗಿರುತ್ತೆ.” ಮೆಟ್ಟಿಲಿಗೆ ಎದುರಾಗಿದ್ದ ಬೆತ್ತದ ಕುರ್ಚಿಯ ಕೈಯನ್ನು ಸವರಿದರು. “ನನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ತಂಗಿ ಮನೆಗೆ ಹೋಗೋದೂ ಇಲ್ಲ ನಾನು. ಎದುರಿನ ಪಾರ್ಕಲ್ಲಿ ಕೂತು ಬರ್ತೀನಿ. ಅವರಿಗೂ ಸ್ವಲ್ಪ ಓಡಾಡೋಕೆ ಆಗಲಿ ಅಂತ.”

“ಹಾಗಿದ್ರೆ ಮೆಟ್ಟಿಲು ಯಾಕೆ ತೆಗೀಬೇಕು?”

“ತೆಗೀಬೇಕು ಅಂತೇನಿಲ್ಲ. ಸಂದು ಮುಚ್ಚಿಕೊಟ್ರೂ ಆಗುತ್ತೆ.”

ಸಂದು ಮುಚ್ಚಿದ ಮೇಲೆ ತೇಲುವುದೆಲ್ಲಿ ಬಂತು? ಗೋಡೆಗೆ ಅಂಟಿದ ಪೆಟ್ಟಿಗೆಯಾಗುತ್ತದೆ. ಆದರೆ ಅವನು ತಾನೂ ದನಿ ತಗ್ಗಿಸಿ, “ಅವರಿಗೆ ಭಯ ಇಲ್ಲ ಅಂದ್ರಲ್ಲ,” ಎಂದಷ್ಟೇ ಹೇಳಿದ.

ಮೇಡಂ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

“ನನಗಿದೆ,” ಎಂದು ಪಿಸುಗುಟ್ಟಿದರು. “ಮೊನ್ನೆ ಮೊನ್ನೆವರೆಗೂ ತಟ್ಟೆ ಹಿಡ್ಕೊಂಡು ದಡದಡ ಹತ್ತಿದವಳು ನಾನು. ಒಂದು ದಿನ ಸಂದಿನಲ್ಲಿ ಕಣ್ಣು ಹೋಯ್ತು. ಕೈಕಾಲೆಲ್ಲ ತಣ್ಣಗಾಯ್ತು. ಅಲ್ಲೇ ಕೂತು, ಕೂತೇ ಇಳಿದು ಬಂದೆ, ಮಗು ಇಳಿಯೋ ಹಾಗೆ. ಅವರು ನೋಡಲಿಲ್ಲ. ಮಂಡಿ ನೋವು ಅಂತ ಹೇಳಿ ಬುಟ್ಟಿ ಕಟ್ಟಿಸಿದೀನಿ. ಅವರ ಮುಖ ನೋಡಿ ಎಷ್ಟು ದಿನ ಆಯ್ತೋ...”

“ಇದನ್ನೇ ಅವರಿಗೆ ಹೇಳಿ. ಕೇಳಿದ ತಕ್ಷಣ ಇಳಿದು ಬರ್ತಾರೆ.”

“ಬಂದೇ ಬರ್ತಾರೆ. ಅದಕ್ಕೇ ಹೇಳಲ್ಲ. ಕನಿಕರಕ್ಕೆ ಬರೋದು ನನಗೆ ಬೇಡ. ನೀವೂ ಹೇಳಕೂಡದು.”

ಅಳತೆ ನೋಡಬೇಕು ಎಂಬ ನೆಪ ಹೇಳಿ ಅವನು ಮೆಟ್ಟಿಲು ಹತ್ತಿದ.

ಮೇಲೆ ಒಂದು ಸಂಸಾರವೇ ಇತ್ತು. ಮಂಚ, ಕೆಟಲ್ಲು, ಒಗೆದು ಹರವಿದ ಬನಿಯನ್ನು, ಕಿಟಕಿಯ ಬಳಿ ದುರ್ಬೀನು. ಗಟ್ಟಿಮುಟ್ಟಾದ ಮುದುಕರು ಎದ್ದು ಬಂದು ಕೈ ಕುಲುಕಿದರು.

“ಮೆಟ್ಟಿಲಿನವರು ಅಲ್ವಾ? ಕೂತ್ಕೊಳ್ಳಿ. ಮುಚ್ಚಿಸ್ತಾಳಂತೆ? ಕೆಳಗಿನ ಮಾತೆಲ್ಲ ಇಲ್ಲಿಗೆ ಕೇಳುತ್ತೆ, ಪಿಸುಮಾತು ಮಾತ್ರ ಕೇಳಲ್ಲ. ಮುಚ್ಚಬೇಡಿ. ಅಷ್ಟು ಚೆಂದದ ವಸ್ತು.”

ಅವನ ಮುಖ ಅರಳಿತು. “ನಿಮಗೆ ಇಷ್ಟಾನಾ?”

“ಇಷ್ಟ ಅಂತಲ್ಲ. ಮುಚ್ಚಿದ್ರೆ ಇಳೀಬೇಕಾಗುತ್ತೆ. ಇಳಿದ್ರೆ ಅವಳು ‘ಬಂದ್ರಾ?’ ಅಂತಾಳೆ. ಅದಕ್ಕೆ ಏನು ಹೇಳೋದು?” ಅವರು ಹುಬ್ಬೇರಿಸಿ ಕಾದರು, ಅವನ ಬಳಿ ಉತ್ತರವಿರಬಹುದು ಎಂಬಂತೆ.

“ಮೊದಲು ಭಯ ಆಗಿದ್ದು ನಿಜಾನಾ ಸಾರ್?”

“ಆ ದಿನ ನಿಜ. ಮಾರನೇ ದಿನ ಅರ್ಧ ನಿಜ. ಆಮೇಲೆ ಅಭ್ಯಾಸ ಆಗೋಯ್ತು. ಅವಳು ತಟ್ಟೆ ತಗೊಂಡು ಬರೋಳು, ಪಕ್ಕದಲ್ಲಿ ಕೂತು ಬೈಯೋಳು. ಕೆಳಗಿದ್ದಾಗ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದ್ರೂ ಮಾತೇ ಇರ್ಲಿಲ್ಲ ನೋಡಿ ನಮಗೆ. ಒಬ್ಬರು ಪೇಪರ್ರು, ಒಬ್ಬರು ಟೀವಿ.” ಅವರು ಕಿಟಕಿಯತ್ತ ತಿರುಗಿದರು. “ತಂಗಿ ಮನೆಗೆ ಅಂತ ಹೇಳಿ ಆ ಬೆಂಚಲ್ಲಿ ಕೂತಿರ್ತಾಳೆ. ದುರ್ಬೀನಲ್ಲಿ ನೋಡ್ತೀನಿ. ಸ್ವಲ್ಪ ಹೊತ್ತು ನೋಡಿ, ಆಮೇಲೆ ಕೆಳಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತು ಬರ್ತೀನಿ. ಇದನ್ನ ಅವಳಿಗೆ ಹೇಳಿಬಿಡಬೇಡಿ ಮತ್ತೆ.”

“ಇಲ್ಲ.”

“ಈಗ ಬುಟ್ಟಿ ಕಟ್ಟಿದಾಳೆ. ಮಂಡಿ ನೋವಂತೆ! ಪಾರ್ಕಿಗೆ ಹೋಗುವಾಗ ನೋಡಬೇಕು ನೀವು, ಬಿರಬಿರನೆ ನಡೀತಾಳೆ. ಸಾಕಾಗಿದೆ ಅವಳಿಗೆ. ನನ್ನ ಮುಖ ನೋಡೋದು ಬೇಡ ಅಂತ ತೀರ್ಮಾನ ಮಾಡಿದಾಳೆ. ಮಾಡ್ಲಿ.”

ಮಾಡ್ಲಿ ಎಂಬ ಮಾತಿನ ಕೊನೆಗೆ ದನಿ ಒಡೆಯಿತು. ಅದನ್ನು ಮುಚ್ಚಲು ಅವರು ಕೆಮ್ಮಿದರು.

ಅವನ ನಾಲಿಗೆಯ ತುದಿಯಲ್ಲಿ ಒಂದು ವಾಕ್ಯವಿತ್ತು. ಅವರಿಗೆ ಹತ್ತೋಕೆ ಭಯ ಸಾರ್. ಅಷ್ಟು ಸಾಕು. ಹೇಳಿದರೆ ಈ ಮುದುಕರು ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಇಳಿದು ಹೋಗುತ್ತಾರೆ. ಸಂದು ಮುಚ್ಚುವ ಮಾತೂ ಬಿದ್ದುಹೋಗುತ್ತದೆ, ಅವನ ಮೆಟ್ಟಿಲು ಹಾಗೇ ತೇಲುತ್ತಿರುತ್ತದೆ. ಹೇಳಬಾರದೆಂದು ಮಾತು ಕೊಟ್ಟಿದ್ದೇನಲ್ಲ ಎಂದುಕೊಂಡ. ಮಾತು ಕೊಟ್ಟಿರಲಿಲ್ಲ, ಮೇಡಂ ಹೇಳಿದ್ದಕ್ಕೆ ಹೂಂ ಅಂದೂ ಇರಲಿಲ್ಲ. ಮತ್ತೆ ಯಾಕೆ ಬಾಯಿ ತೆರೆಯುತ್ತಿಲ್ಲ? ಹಾಗೆ ಕೂತೇ ಅವನು ತನ್ನನ್ನು ಗಮನಿಸಿದ. ಮುದುಕರ ಗಂಟಲ ಮಣಿ ಮೇಲೆ ಕೆಳಗೆ ಆಡುವುದನ್ನು, ಅವರ ಬೆರಳು ಕಿಟಕಿಯ ಚಿಲಕವನ್ನು ತಿರುವುತ್ತಿರುವುದನ್ನು ಅವನು ನೋಡುತ್ತಿದ್ದ, ಮುಂದೇನಾಗುತ್ತದೋ ನೋಡೋಣ ಎಂಬಂತೆ. ಟಿಕೆಟ್ ಕೊಂಡು ಒಳಗೆ ಬಂದವನ ಹಾಗೆ.

“ಸಣ್ಣಗಾಗಿದಾಳಾ?” ಎಂದರು ಅವರು ಇದ್ದಕ್ಕಿದ್ದಂತೆ. “ದುರ್ಬೀನಲ್ಲಿ ಅದೆಲ್ಲ ಗೊತ್ತಾಗಲ್ಲ.”

ಅವನು ನೆನಪಿಸಿಕೊಳ್ಳಲು ನೋಡಿದ. ಸೆರಗು ನೆನಪಾಯಿತು, ಕುರ್ಚಿ ನೆನಪಾಯಿತು. ಮುಖ ನೆನಪಾಗಲಿಲ್ಲ.

“ಚೆನ್ನಾಗಿದಾರೆ,” ಎಂದು ಎದ್ದ.

ಇಳಿದು ಬಂದಾಗ ಮೇಡಂ ಕೊನೆಯ ಹಲಗೆಯ ಪಕ್ಕದಲ್ಲೇ ನಿಂತಿದ್ದರು. ಈಗ ಅವರ ಮುಖವನ್ನು ಬೇಕೆಂದೇ ನೋಡಿದ. ಹೌದು, ಸಣ್ಣಗಾಗಿದ್ದರು, ಮೂಳೆ ಎದ್ದು ಕಾಣುತ್ತಿತ್ತು. ಮತ್ತೆ ಮೇಲೆ ಹೋಗಿ ಹೇಳಿಬರುವಂಥ ಸಂಗತಿಯೇ ಅದು. ಹೋಗಲಿಲ್ಲ.

“ಏನಂದ್ರು?”

“ಮುಚ್ಚೋದು ಬೇಡವಂತೆ.”

“ಅಷ್ಟೇನಾ?”

“ಅಷ್ಟೇ.”

“ನನ್ನ ಬಗ್ಗೆ ಏನಾದ್ರೂ...”

“ಮೆಟ್ಟಿಲಿನ ವಿಷಯಾನೇ ಮಾತಾಡಿದ್ವಿ.”

ಮೇಡಂ ತಲೆಯಾಡಿಸಿದರು. ಲೆಕ್ಕದ ಉತ್ತರ ತಾವೆಣಿಸಿದಂತೆಯೇ ಬಂತು ಎನ್ನುವ ಹಾಗೆ. “ಹಾಗಿದ್ರೆ ಮುಚ್ಚಿಬಿಡಿ,” ಎಂದು ಪಿಸುಗುಟ್ಟಿದರು. “ಅವರು ಇಳೀಲಿ ಬಿಡ್ಲಿ. ನಾನಾದ್ರೂ ಹತ್ತಬೇಕು.”

“ನೋಡೋಣ,” ಎಂದ. ಬಾಗಿಲು ದಾಟುವಾಗ ಬೆನ್ನ ಹಿಂದೆ ಹಗ್ಗ ಗರಗರ ಎಂದಿತು. ಬುಟ್ಟಿ ಮೇಲೇರುತ್ತಿತ್ತು. ತಿರುಗಿ ನೋಡಲಿಲ್ಲ.

ಬೇರೆ ಕೆಲಸಗಳನ್ನೆಲ್ಲ ಸುತ್ತಿ ಮುಗಿಸಿ ಊರಾಚೆಯ ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವನ ಮೆಟ್ಟಿಲುಗಳ ಕಬ್ಬಿಣದ ಕೆಲಸವೆಲ್ಲ ಅಲ್ಲೇ. ಬೆಸುಗೆಯವರು ಕೈಕಾಲು ತೊಳೆದು ಹೊರಟುಹೋಗಿದ್ದರು. ಮೇಸ್ತ್ರಿ ಒಬ್ಬರೇ ಬೀಗದ ಕೈ ಹಿಡಿದು ನಿಂತಿದ್ದರು. ಅಂಗಳದ ನಡುವೆ ಇನ್ನಾವುದೋ ಮನೆಗೆ ಹೋಗಬೇಕಾದ ಮೆಟ್ಟಿಲನ್ನು ಜೋಡಿಸಿ ನಿಲ್ಲಿಸಿದ್ದರು. ಸಾಗಿಸುವ ಮುಂಚೆ ಒಮ್ಮೆ ಹೀಗೆ ಕಟ್ಟಿ ನೋಡುವುದು ವಾಡಿಕೆ. ಗೋಡೆಯ ಬದಲಿಗೆ ಕಬ್ಬಿಣದ ಚೌಕಟ್ಟು, ಅದರಿಂದ ಚಾಚಿದ ಹಲಗೆಗಳು, ಮೇಲೆ ಆಕಾಶ.

“ಹತ್ತಿ ನೋಡಿ ಸಾರ್, ಆನೆ ಹತ್ತಿದ್ರೂ ಜಪ್ಪಯ್ಯ ಅನ್ನಲ್ಲ,” ಎಂದರು ಮೇಸ್ತ್ರಿ. “ಅದೇನೋ ಸಂದು ಮುಚ್ಚೋ ತಗಡು ಅಂದ್ರಲ್ಲ ಫೋನಲ್ಲಿ, ಅಳತೆ ಕೊಡಿ, ನಾಳೆ ಬೆಳಿಗ್ಗೆನೇ ಕತ್ತರಿಸ್ತೀನಿ.”

“ಕೊಡ್ತೀನಿ,” ಎಂದು ಅವನು ಹತ್ತಿದ. ತುದಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ. ಅಲ್ಲಿಂದ ಮುಂದೆ ಹೋಗಲು ಏನೂ ಇರಲಿಲ್ಲ.

ಫೋನು ತೆಗೆದು ಹೆಂಡತಿಗೆ ಮಾಡಿದ. ಕಾರಣವಿಲ್ಲದೆ ಅವನು ಅವಳಿಗೆ ಫೋನು ಮಾಡುವವನಲ್ಲ.

“ಏನಾಯ್ತು?” ಎಂದಳು ಗಾಬರಿಯಿಂದ.

“ಏನಿಲ್ಲ. ಇವತ್ತೊಂದು ತಮಾಷೆ ನಡೀತು.” ಎಲ್ಲವನ್ನೂ ಹೇಳಿದ, ಕುರ್ಚಿ, ದುರ್ಬೀನು, ಬುಟ್ಟಿ, ಪಾರ್ಕಿನ ಬೆಂಚು. ಹೇಳುತ್ತ ಹೇಳುತ್ತ ತನ್ನ ದನಿ ಉತ್ಸಾಹದಿಂದ ಏರುತ್ತಿರುವುದು ಅವನಿಗೇ ಕೇಳಿಸಿತು. ಅವಳು ನಗುತ್ತಾಳೆಂದು ಕಾದ.

“ನೀವೇನು ಮಾಡಿದ್ರಿ?” ಎಂದಳು.

“ಏನ್ಮಾಡೋದು? ಎದ್ದು ಬಂದೆ.”

ಆ ಕಡೆ ನೀರಿನ ನಲ್ಲಿ ನಿಂತಿತು.

“ಅವರಿಬ್ಬರ ಮಧ್ಯೆ ಇನ್ನೂ ಜಗಳ ಆಡೋವಷ್ಟಾದ್ರೂ ಉಳಿದಿದೆ ಹಾಗಿದ್ರೆ,” ಎಂದಳು ಅವಳು ನಿಧಾನವಾಗಿ.

“ಅಂದ್ರೆ?”

“ಏನಿಲ್ಲ ರೀ. ಎಲ್ಲಿದೀರಿ ಈಗ?”

“ಮೇಲಿದೀನಿ.”

“ಯಾವ ಮೇಲೆ?”

ಹೇಳಲು ಬಾಯಿ ತೆರೆದ. ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವಳು, “ಓ,” ಎಂದಳು, ಉತ್ತರ ಸಿಕ್ಕಿದವಳಂತೆ. ಫೋನು ಇಟ್ಟಳು.

“ಸಾರ್, ಅಳತೆ!” ಕೆಳಗಿನಿಂದ ಮೇಸ್ತ್ರಿ ಕೂಗಿದರು. “ತಗಡು ಬೇಕೋ ಬೇಡ್ವೋ ಅದನ್ನಾದ್ರೂ ಹೇಳಿ. ಗೇಟು ಹಾಕ್ಬೇಕು.”

ಅವನು ಎದುರಿಗೆ ನೋಡಿದ. ಬೆನ್ನಿಗೆ ಸೂರ್ಯನಿದ್ದ. ಹಲಗೆಗಳ ನೆರಳು ಅಂಗಳದುದ್ದಕ್ಕೂ ಚಾಚಿ, ಎದುರಿನ ಕಾಂಪೌಂಡ್ ಗೋಡೆಯನ್ನು ಒಂದೊಂದಾಗಿ ಹತ್ತಿತ್ತು. ನಡುನಡುವೆ ಬೆಳಕಿನ ಪಟ್ಟಿ. ತುದಿಯ ಹಲಗೆಯ ನೆರಳು ಗೋಡೆಯ ಅಂಚಿಗೆ ಸರಿಯಾಗಿ ಬಂದು ನಿಂತಿತ್ತು. ಅದರ ಮೇಲೆ ಕೂತಿರಬೇಕಾದ ಮನುಷ್ಯನ ನೆರಳನ್ನು ಅವನು ಹುಡುಕಿದ. ಅದು ಗೋಡೆ ದಾಟಿ ಆಚೆ, ಅವನಿಗೆ ಕಾಣದ ಕಡೆ ಎಲ್ಲೋ ಬಿದ್ದಿತ್ತು.

ಕೈ ಎತ್ತಿ ಆಡಿಸಿ ನೋಡಿದ. ಗೋಡೆಯ ಮೇಲೆ ಏನೂ ಅಲುಗಲಿಲ್ಲ.